ಆಟದ ಪಟ್ಟಿಯೊಳಗೆ ಜೂಜಿನ ಲಿಂಕುಗಳು

ಪ್ರಶ್ನೆ: ಕರಾವಳಿಯ ಯಕ್ಷಗಾನ ಪ್ರದರ್ಶನಗಳ ಮಾಹಿತಿ ನೀಡುವ ಒಂದು ಜಾಲತಾಣವನ್ನು ನಾವು ಕೆಲವು ಗೆಳೆಯರು ನಡೆಸುತ್ತಿದ್ದೇವೆ. ಯಾವ ಮೇಳದ ಆಟ ಎಲ್ಲಿ, ಯಾವ ಪ್ರಸಂಗ ಎಂಬುದನ್ನು ಸಂಘಟಕರೇ ಖಾತೆ ತೆರೆದು ಸೇರಿಸಬಹುದು. ಕಳೆದ ಮಳೆಗಾಲದಿಂದ ಆನ್‌ಲೈನ್ ಜೂಜು, ಸಾಲದ ಆ್ಯಪ್ ಮತ್ತು ಮಾತ್ರೆ ಮಾರಾಟದ ಲಿಂಕುಗಳಿರುವ ನಮೂದುಗಳು ತುಂಬಿಕೊಂಡಿವೆ. ಗೂಗಲ್‌ನಲ್ಲಿ ಮೇಲೆ ಕಾಣುತ್ತಿದ್ದ ನಮ್ಮ ತಾಣ ಈಗ ಕೆಳಗಿಳಿದಿದೆ. ಎಲ್ಲ ಲಿಂಕುಗಳಿಗೂ ನೋಫಾಲೋ (ಇದನ್ನು ಎಣಿಸಬೇಡಿ ಎಂದು ಸರ್ಚ್ ಎಂಜಿನ್ನುಗಳಿಗೆ ಹೇಳುವ ಗುರುತು) ಹಾಕಿರುವುದರಿಂದ ತೊಂದರೆಯಿಲ್ಲ ಎಂದು ತಾಣ ಕಟ್ಟಿಕೊಟ್ಟವರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಉಡುಪಿ

ಉತ್ತರ: ನೋಫಾಲೋ ಹಾಕಿದ್ದು ಸರಿ, ಅದರಿಂದ ತೊಂದರೆ ತಪ್ಪುತ್ತದೆ ಎಂಬುದು ಸರಿಯಲ್ಲ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಲಿಂಕುಗಳನ್ನು ಅದರ ಮಹತ್ವದ ಸೂಚನೆಯಾಗಿ ಎಣಿಸುವ, ಲಿಂಕು ಕೊಟ್ಟ ಪುಟದ ಮಹತ್ವವನ್ನೂ ಆ ಎಣಿಕೆಯಲ್ಲಿ ಸೇರಿಸುವ ಪೇಜ್‌ರ‍್ಯಾಂಕ್ ವಿಧಾನವನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ, ಮುಂದೆ ಗೂಗಲ್ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರಿಲ್ಲದವರು ಹೆಸರಿರುವ ತಾಣಗಳಲ್ಲಿ ತಮ್ಮ ಲಿಂಕು ತೂರಿಸಲು ಹವಣಿಸುವುದು ಇದೇ ಕಾರಣಕ್ಕೆ. ಯಾರು ಬೇಕಾದರೂ ಬರೆಯಬಹುದಾದ ತಾಣ ಅವರಿಗೆ ಅತ್ಯಂತ ಸುಲಭದ ದಾರಿ.

ಇದನ್ನು ತಡೆಯಲೆಂದೇ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಎಂಎಸ್ಎನ್ ಸೇರಿ 2005ರ ಜನವರಿಯಲ್ಲಿ ನೋಫಾಲೋ ಎಂಬ ಗುರುತನ್ನು ಜಾರಿಗೆ ತಂದವು. ಈ ಲಿಂಕಿಗೆ ನನ್ನ ಸಾಕ್ಷಿಯಿಲ್ಲ, ಇದನ್ನು ರ‍್ಯಾಂಕಿಂಗ್‌ಗೆ ಎಣಿಸಬೇಡಿ ಎಂದು ಹೇಳುವ ಗುರುತು ಅದು. ಲಿಂಕು ತೂರಿಸಿದವನಿಗೆ ಸಿಗಬೇಕಾದ ಲಾಭವನ್ನು ಅದು ಕಿತ್ತುಕೊಳ್ಳುತ್ತದೆಯೇ ಹೊರತು, ಲಿಂಕು ಕುಳಿತಿರುವ ನಿಮ್ಮ ಪುಟವನ್ನು ಶುಚಿಗೊಳಿಸುವುದಿಲ್ಲ. ಸಾವಿರಾರು ತಾಣಗಳಿಗೆ ತಾನಾಗಿ ನಮೂದು ಸೇರಿಸುವ ತಂತ್ರಾಂಶಕ್ಕೆ ಒಂದು ತಾಣ ಹೆಚ್ಚಾದರೆ ಖರ್ಚೇನೂ ಬೀಳದು. ಅಲ್ಲಿ ನೋಫಾಲೋ ಇದೆಯೇ ಎಂದು ಅದು ನೋಡುವುದೂ ಇಲ್ಲ. ಇಂಗ್ಲಿಷ್ ವಿಕಿಪೀಡಿಯ 2007ರಿಂದ ಹೊರಗಿನ ಲಿಂಕುಗಳಿಗೆ ನೋಫಾಲೋ ಹಾಕುತ್ತಿದ್ದರೂ ಸ್ಪ್ಯಾಮ್ ಲಿಂಕು ಕೀಳುವ ಸ್ವಯಂಸೇವಕರ ಕೆಲಸ ಇಂದಿಗೂ ಮುಗಿದಿಲ್ಲ. ಅಲ್ಲದೆ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನೋಫಾಲೋವನ್ನು ಆದೇಶವಾಗಿ ಅಲ್ಲದೆ ಸೂಚನೆಯಾಗಿ ಮಾತ್ರ ಪರಿಗಣಿಸುವುದಾಗಿ ತಿಳಿಸಿ, ಬಳಕೆದಾರರು ಸೇರಿಸಿದ ಲಿಂಕಿಗೆ ಯುಜಿಸಿ, ಹಣ ಪಡೆದು ಹಾಕಿದ ಲಿಂಕಿಗೆ ಸ್ಪಾನ್ಸರ್ಡ್ ಎಂಬ ಎರಡು ಹೊಸ ಗುರುತುಗಳನ್ನು ಸೇರಿಸಿತು. ನಿಮ್ಮ ಸಂಘಟಕರು ಸೇರಿಸುವ ಲಿಂಕುಗಳಿಗೆ ಯುಜಿಸಿಯೇ ಸರಿಯಾದದ್ದು.

ಇಲ್ಲಿ ಹೆಚ್ಚಿನ ನಷ್ಟ ಆತಿಥೇಯರದು. ತಾಣದ ಕೆಲವು ಭಾಗಗಳಲ್ಲಿರುವ ಕಳಪೆ ಪುಟಗಳು ಇಡೀ ತಾಣದ ಸ್ಥಾನವನ್ನು ಬಾಧಿಸಬಹುದೆಂದು ಗೂಗಲ್ ತಾನೇ ಹೇಳಿದೆ. ಸ್ಪ್ಯಾಮ್ ಗುರುತಿಸಲು ಅದು 2018ರಿಂದ ಸ್ಪ್ಯಾಮ್‌ಬ್ರೇನ್ ಎಂಬ ವ್ಯವಸ್ಥೆಯನ್ನು ಬಳಸುತ್ತಿದೆ. ಇದಲ್ಲದೆ ಅದರ ಸಿಬ್ಬಂದಿಯೇ ಪರಿಶೀಲಿಸಿ, ಬಳಕೆದಾರರ ಸ್ಪ್ಯಾಮ್ ಎಂಬ ಕಾರಣ ನೀಡಿ, ತಾಣದ ಒಂದು ಭಾಗವನ್ನೋ ಇಡೀ ತಾಣವನ್ನೋ ಹಿಂದೆ ತಳ್ಳುವ ಮ್ಯಾನುಯಲ್ ಆ್ಯಕ್ಷನ್ ಕ್ರಮವೂ ಇದೆ. ರ‍್ಯಾಂಕಿಂಗ್‌ಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೆಯೇ ವಿಷಯ: ಇಂದಿನ ಹರಕೆಯಾಟ ಎಲ್ಲಿ ಎಂದು ಮೊಬೈಲಿನಲ್ಲಿ ಹುಡುಕುವ ಹಿರಿಯರೊಬ್ಬರು ನಿಮ್ಮ ತಾಣವನ್ನು ನಂಬಿ ಸಾಲದ ಆ್ಯಪ್‌ನ ಲಿಂಕನ್ನು ಒತ್ತಿದರೆ ಅವರಿಗಾಗುವ ಹಾನಿಯನ್ನು ಯಾವ ಸರ್ಚ್ ಎಂಜಿನ್ನೂ ತುಂಬಿಕೊಡದು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿರುವುದನ್ನೂ ನೆನಪಿಡಿ.

ಆದರೂ ಇಳಿಕೆಗೆಲ್ಲ ಸ್ಪ್ಯಾಮೇ ಕಾರಣವೆಂದು ತೀರ್ಮಾನಿಸುವ ಮುನ್ನ ಒಂದನ್ನು ನೋಡಿ. ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲೆ ಆಟದ ಪಟ್ಟಿ ಹುಡುಕುವವರೇ ಕಡಿಮೆ. ಆಗ ಭೇಟಿಗಳು ಇಳಿಯುವುದು ಸಹಜ. ಗೂಗಲ್‌ನ ತಾಣ ನಡೆಸುವವರಿಗೆಂದೇ ಇರುವ ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ 16 ತಿಂಗಳ ಅಂಕಿಗಳು ಸಿಗುತ್ತವೆ. ಈ ತಿರುಗಾಟದ ಒಂದು ತಿಂಗಳನ್ನು ಕಳೆದ ತಿರುಗಾಟದ ಅದೇ ತಿಂಗಳೊಂದಿಗೆ ಹೋಲಿಸಿ, ಕ್ಲಿಕ್ಕುಗಳ ಜೊತೆಗೆ ಸರಾಸರಿ ಸ್ಥಾನವನ್ನೂ ಗಮನಿಸಿ. ಮ್ಯಾನುಯಲ್ ಆ್ಯಕ್ಷನ್ ಇದ್ದರೆ ಅದೂ ಅಲ್ಲಿಯೇ ದಾಖಲಾಗಿರುತ್ತದೆ. ಸಂಘಟಕರಿಗೆ ಪ್ರವೇಶವೇ ಇಲ್ಲದ ಜಾಗಗಳಲ್ಲಿ, ಉದಾಹರಣೆಗೆ ಮುಖಪುಟದ ಅಡಿಯಲ್ಲಿ, ಜೂಜಿನ ಲಿಂಕುಗಳಿದ್ದರೆ ನಿಮ್ಮ ತಾಣಕ್ಕೆ ಕನ್ನ ಬಿದ್ದಿದೆ ಎಂದರ್ಥ. ಆಗ ಪಾಸ್‌ವರ್ಡ್ ಬದಲಿಸುವುದು, ತಂತ್ರಾಂಶವನ್ನು ನವೀಕರಿಸುವುದು ಮೊದಲ ಕೆಲಸವಾಗಬೇಕು.

ಶುಚಿಗೊಳಿಸಲು, ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ site ಎಂದು ಬರೆದು, ಅದರ ನಂತರ ಕೋಲನ್ (:) ಹಾಕಿ, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆದು, ಜೂಜು, ಸಾಲ, ಮಾತ್ರೆಗಳಿಗೆ ಸಂಬಂಧಿಸಿದ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಸಿಕ್ಕ ಪುಟಗಳನ್ನು ಅಳಿಸಿ, ಅವು 404 ಅಥವಾ 410 (ಪುಟ ಇಲ್ಲ) ಎಂಬ ಉತ್ತರ ಕೊಡುವಂತೆ ಮಾಡಿ, ಮುಖಪುಟಕ್ಕೆ ತಿರುಗಿಸಬೇಡಿ. ಬಳಕೆದಾರರ ಪರಿಚಯ ಪುಟಗಳನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು ಆಟದ ನಮೂದನ್ನೂ ಸೇರಿಸದೆ, ಪರಿಚಯದ ಜಾಗದಲ್ಲಿ ಲಿಂಕು ಇಟ್ಟು ಹೋಗುವುದಕ್ಕೇ ತೆರೆದ ಖಾತೆಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಹೊಸ ಖಾತೆಯ ನಮೂದುಗಳು ನಿಮ್ಮಲ್ಲೊಬ್ಬರು ಓದಿ ಒಪ್ಪುವವರೆಗೆ ಪ್ರಕಟವಾಗದಿರಲಿ, ಅಥವಾ ಅವಕ್ಕೆ, ಹುಡುಕಾಟದಲ್ಲಿ ತೋರಿಸಬೇಡಿ ಎಂದು ಹೇಳುವ ನೋಇಂಡೆಕ್ಸ್ ಗುರುತು ಇರಲಿ. ಬರೆಯುವವರು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ, ತಾನಾಗಿ ನಮೂದು ತುಂಬುವ ತಂತ್ರಾಂಶಗಳನ್ನು ಬಹುಮಟ್ಟಿಗೆ ತಡೆದರೂ ಕೂಲಿಗೆ ಕುಳಿತು ಲಿಂಕು ತುಂಬುವ ಮನುಷ್ಯರನ್ನು ತಡೆಯಲಾರದು. ಮೇಳ, ಪ್ರಸಂಗ, ಊರು ಬಲ್ಲ ಒಬ್ಬರು ದಿನಕ್ಕೊಮ್ಮೆ ಕಣ್ಣಾಡಿಸುವುದಕ್ಕೆ ಸಮನಾದ ತಡೆ ನನಗೆ ತಿಳಿದಂತೆ ಬೇರೊಂದಿಲ್ಲ. ಮಳೆಗಾಲದಲ್ಲಿ ಹೊಸ ನಮೂದು ಸೇರಿಸುವ ಸೌಲಭ್ಯವನ್ನೇ ಮುಚ್ಚಿಡಿ. ಮ್ಯಾನುಯಲ್ ಆ್ಯಕ್ಷನ್ ಬಂದಿದ್ದರೆ, ಏನೇನು ಅಳಿಸಿದಿರಿ, ಮುಂದೆ ಹೇಗೆ ತಡೆಯುತ್ತೀರಿ ಎಂಬುದನ್ನು ವಿವರಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿ. ಬಂದಿಲ್ಲದಿದ್ದರೆ, ಗೂಗಲ್ ಆ ಪುಟಗಳನ್ನು ಮತ್ತೆ ನೋಡಿಹೋದಂತೆ ಚೇತರಿಕೆ ನಿಧಾನವಾಗಿ ಬರಬಹುದು; ಅವಸರಪಟ್ಟು ತಾಣದ ವಿಳಾಸವನ್ನು ಬದಲಿಸಬೇಡಿ.

ಪ್ರಶ್ನೆ: ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನೂರಾರು ತಾಣಗಳಲ್ಲಿ ನಮ್ಮ ಲಿಂಕು ಸೇರಿಸಿ ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಒಪ್ಪಬಹುದೇ?
— ಓದುಗರು, ಮಂಗಳೂರು

ಉತ್ತರ: ಬೇಡ. ಮೇಲಿನ ಪ್ರಶ್ನೆಯಲ್ಲಿರುವಂತಹ ತಾಣಗಳಿಗೆ ಕಸ ಸುರಿಯುವ ವ್ಯಾಪಾರವೇ ಅವರದು. ಹೀಗೆ ಕೃತಕವಾಗಿ ಗಳಿಸಿದ ಲಿಂಕುಗಳನ್ನು ಗುರುತಿಸಿ ಅಂತಹ ತಾಣಗಳನ್ನು ಕೆಳಗಿಳಿಸಲು ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದಿತು. 2016ರ ಸೆಪ್ಟೆಂಬರ್‌ನಿಂದ ಅದು ಗೂಗಲ್‌ನ ಮುಖ್ಯ ವ್ಯವಸ್ಥೆಯ ಭಾಗವಾಗಿದ್ದು, ಸ್ಪ್ಯಾಮ್ ಲಿಂಕುಗಳ ಬೆಲೆಯನ್ನೇ ಇಳಿಸಿಬಿಡುತ್ತದೆ. ಆದ್ದರಿಂದ ಹಣ ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು, ಸಿಕ್ಕಿಬಿದ್ದರೆ ಮ್ಯಾನುಯಲ್ ಆ್ಯಕ್ಷನ್ ಕೂಡ ಬರಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಸರಿಯಾದ ವಿಳಾಸ, ಫೋನ್ ಸಂಖ್ಯೆ ಮತ್ತು ಈಚಿನ ಚಿತ್ರಗಳನ್ನು ಇಡಿ. ತಂಗಿಹೋದವರು ತಾವಾಗಿ ಬರೆಯುವ ಅಭಿಪ್ರಾಯಗಳಿಗೆ ಉತ್ತರಿಸಿ. ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ: ನಮ್ಮ ಅಂಗಡಿಯ ತಾಣಕ್ಕೆ ಅಶ್ಲೀಲ ತಾಣಗಳಿಂದ ಲಿಂಕುಗಳು ಬರುತ್ತಿವೆ. ಪ್ರತಿಸ್ಪರ್ಧಿಗಳ ಕೈವಾಡವಿರಬಹುದೇ? ಅವನ್ನು ತಿರಸ್ಕರಿಸಬೇಕೇ?
— ಓದುಗರು, ಮಣಿಪಾಲ

ಉತ್ತರ: ಇಂತಹ ಲಿಂಕುಗಳು ಬಹುತೇಕ ಎಲ್ಲ ತಾಣಗಳಿಗೂ ಬರುತ್ತವೆ, ಅಷ್ಟರಿಂದಲೇ ಯಾರನ್ನೂ ಶಂಕಿಸಬೇಡಿ. ಗೂಗಲ್ ಸಾಮಾನ್ಯವಾಗಿ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ಬಂದ ಡಿಸವೌ ಎಂಬ ಸಾಧನದಿಂದ ಲಿಂಕುಗಳನ್ನು ತಿರಸ್ಕರಿಸಬಹುದಾದರೂ, ಹಿಂದೆ ನೀವೇ ಲಿಂಕು ಕೊಂಡಿದ್ದು ಅದಕ್ಕಾಗಿ ಮ್ಯಾನುಯಲ್ ಆ್ಯಕ್ಷನ್ ಬಂದಿದ್ದರೆ, ಅಥವಾ ಬರುವ ಸಂಭವವಿದ್ದರೆ ಮಾತ್ರ ಅದನ್ನು ಬಳಸಿ. ತಿಳಿಯದೆ ಒಳ್ಳೆಯ ಲಿಂಕುಗಳನ್ನೂ ಆ ಪಟ್ಟಿಗೆ ಸೇರಿಸಿದರೆ ನಿಮ್ಮ ಸ್ಥಾನವನ್ನು ನೀವೇ ಕೆಡಿಸಿಕೊಂಡಂತಾಗುತ್ತದೆ.