ಚಿಕ್ಕ ಮಕ್ಕಳ ಜೊತೆ ಹೊಳೆಯಲ್ಲಿ ಗಾಳ ಹಾಕುವಾಗ

ರಜೆಯಲ್ಲಿ ಮಕ್ಕಳನ್ನು ಮೀನು ಹಿಡಿಯಲು ಕರೆದೊಯ್ಯುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಇಬ್ಬರನ್ನೂ ಹೇಮಾವತಿ ಹೊಳೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಾನೊಬ್ಬನೇ ನಿಭಾಯಿಸಬಹುದೇ? ಎಂಥ ಜಾಗ ಹುಡುಕಬೇಕು?
(ಓದುಗರು, ಹೊಳೆನರಸೀಪುರ)

ಉತ್ತರ: ದಯವಿಟ್ಟು ಒಬ್ಬರೇ ಹೋಗಬೇಡಿ. ಸಿಕ್ಕಾದ ದಾರ ಬಿಡಿಸಲೋ ಹುಳ ಚುಚ್ಚಲೋ ತಲೆ ಬಗ್ಗಿಸಿದರೆ ಒಂದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಮಗು ಜಾರಿ ಬೀಳಲು ಅಷ್ಟು ಹೊತ್ತೂ ಬೇಡ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ; ಉಸಿರಿಗೇ ಸಾಲದಿರುವಾಗ ಕೂಗಲು ಉಸಿರೆಲ್ಲಿ? ದೊಡ್ಡವರು ಇಬ್ಬರಿರಲಿ. ಅವರಲ್ಲಿ ಒಬ್ಬರ ಕೈಯಲ್ಲಿ ಗಾಳವೂ ಬೇಡ, ಮೊಬೈಲೂ ಬೇಡ, ಮಕ್ಕಳ ಮೇಲೆ ಕಣ್ಣಿಡುವುದಷ್ಟೇ ಅವರ ಕೆಲಸ. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿ, 'ಈಗ ನೀನು ನೋಡ್ಕೋ' ಎಂದು ಬಾಯಿಬಿಟ್ಟು ಹೇಳಿ. ಅವರು ನೋಡುತ್ತಿದ್ದಾರೆಂದು ಇವರು, ಇವರು ನೋಡುತ್ತಿದ್ದಾರೆಂದು ಅವರು ಸುಮ್ಮನಿದ್ದಾಗಲೇ ಅನಾಹುತ ಆಗುವುದು. ಮಗಳು ಮಾತ್ರ ಸದಾ ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು.

ಜಾಗದ ವಿಷಯಕ್ಕೆ ಬಂದರೆ, ನೋಡಲು ಚೆಂದವಿರುವ ಮರಳ ದಡವನ್ನು ನಂಬಬೇಡಿ. ಮರಳು ತೆಗೆದ ಕಡೆ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ಪಾಚಿ ಹಿಡಿದ ಮೆಟ್ಟಿಲೂ ಬೇಡ. ದನಗಳು ನೀರಿಗಿಳಿಯುವ ಕಡೆ ದಡ ಸಾಮಾನ್ಯವಾಗಿ ನಿಧಾನಕ್ಕೆ ಇಳಿದಿರುತ್ತದೆ. ಅಂಥ ಜಾಗದಲ್ಲೂ ಉದ್ದ ಕೋಲು ಇಳಿಸಿ ಆಳ ನೋಡಿಕೊಂಡೇ ಮಕ್ಕಳನ್ನು ಕೂರಿಸಿ. ಮಡು ಎಲ್ಲಿದೆ, ಮೊಸಳೆ ಕಂಡದ್ದುಂಟೇ, ಅಲ್ಲಿ ಮೀನು ಹಿಡಿಯುವ ಗುತ್ತಿಗೆ ಯಾರದ್ದು ಎಂದು ಊರವರನ್ನು ವಿಚಾರಿಸಿ. ಪರವಾನಗಿ ಬೇಕೇ ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ.

ನಿಮ್ಮೂರಿಗೆ ಮೇಲುಗಡೆ ಗೊರೂರು ಅಣೆಕಟ್ಟೆ ಇದೆ. ನೀರು ಬಿಟ್ಟರೆ ಊರಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರುತ್ತದೆ. ಹಾಗಾಗಿ ಹೊಳೆ ನಡುವಿನ ಬಂಡೆಗೆ ಮಕ್ಕಳನ್ನು ದಾಟಿಸಲೇಬೇಡಿ. ಕೂತ ತಕ್ಷಣ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ನೀರು ಕಡ್ಡಿ ದಾಟಿ ಎರಡು ಬೆರಳಷ್ಟು ಮೇಲೆ ಬಂದರೆ, ತಿಳಿನೀರು ಕದಡಿದರೆ, ತರಗೆಲೆ ಕಸಕಡ್ಡಿ ತೇಲಿ ಬರತೊಡಗಿದರೆ, ಸಾಮಾನು ಅಲ್ಲೇ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಮೇಲೆ ಬನ್ನಿ. ಮಳೆಗಾಲದಲ್ಲಿ ಹೋಗುವುದೇ ಬೇಡ. ಹೊಳೆ ತುಂಬಿರುತ್ತದೆ, ಮೀನು ಮೊಟ್ಟೆಯಿಡುವ ಕಾಲವೂ ಅದೇ.

ಪ್ರಶ್ನೆ: ಗಾಳಿ ತುಂಬಿ ತೋಳಿಗೆ ಹಾಕುವ ಪಟ್ಟಿ ನಮ್ಮಲ್ಲಿದೆ. ಅದು ಸಾಕೇ, ಲೈಫ್ ಜಾಕೆಟ್ಟೇ ಬೇಕೇ?
(ಓದುಗರು, ದಾವಣಗೆರೆ)

ಉತ್ತರ: ತೋಳುಪಟ್ಟಿ ಆಟದ ಸಾಮಾನು. ಮುಳ್ಳು ತಗುಲಿದರೆ ಗಾಳಿ ಹೋಯಿತು, ಕೈ ಮೇಲೆತ್ತಿದರೆ ಜಾರಿತು. ಜಾಕೆಟ್ಟನ್ನೇ ಕೊಳ್ಳಿ, ಕೊಳ್ಳುವಾಗ ಒಳಗಿನ ಚೀಟಿ ಓದಿ. ಜಾಕೆಟ್ಟಿನ ತೇಲಿಸುವ ಬಲವನ್ನು ಅಲ್ಲಿ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ. ಈಜು ಬಾರದ ಮಕ್ಕಳಿಗೆ 100 ನ್ಯೂಟನ್‌ನದು, ತಲೆಯ ಹಿಂದೆ ದಪ್ಪ ಕಾಲರ್ ಇರುವುದು ಬೇಕು. ನಿಂತ ನೀರಿನಲ್ಲಿ ಅದು ಮಗುವಿನ ಮುಖವನ್ನು ಮೇಲಕ್ಕೆ ತಿರುಗಿಸುವಂತೆ ಮಾಡಿದ್ದು. ಅಳತೆ ನೋಡಬೇಕಾದ್ದು ವಯಸ್ಸಿನಿಂದಲ್ಲ, ತೂಕದಿಂದ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ತರುವುದು ಬಟ್ಟೆಯ ವಿಷಯದಲ್ಲಿ ಸರಿ, ಇಲ್ಲಿ ಅಲ್ಲ. ಎಲ್ಲ ಬಕಲ್ ಹಾಕಿ, ತೊಡೆಸಂದಿಯ ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ. ಜಾಕೆಟ್ ಕಿವಿಯವರೆಗೆ ಏರಿದರೆ ನೀರಿನಲ್ಲಿ ಮಗು ಕೆಳಗಿನಿಂದ ನುಸುಳಿಹೋಗುತ್ತದೆ. ದಡದಲ್ಲಿ ಕೂತಿರುವಾಗಲೂ ಜಾಕೆಟ್ ಮೈಮೇಲೇ ಇರಲಿ.

ಪ್ರಶ್ನೆ: ಮಗಳಿಗೆ ಆರು ವರ್ಷ. ರೀಲ್ ಇರುವ ರಾಡ್ ಕೊಡಿಸಿದರೆ ದಾರ ಬರೀ ಗಂಟಾಗುತ್ತದೆ. ರಾಗಿ ಹಿಟ್ಟಿನ ಉಂಡೆಯೂ ನೀರಿಗೆ ಬಿದ್ದೊಡನೆ ಕರಗುತ್ತದೆ. ಏನು ಮಾಡಲಿ?
(ಓದುಗರು, ತಿ. ನರಸೀಪುರ)

ಉತ್ತರ: ರೀಲ್ ಎತ್ತಿಡಿ. ಈ ವಯಸ್ಸಿಗೆ ಆರಡಿಯ ಸಣ್ಣ ಬಿದಿರುಕಡ್ಡಿಗಿಂತ ಒಳ್ಳೆಯದಿಲ್ಲ. 0.20 ಮಿಲಿಮೀಟರ್ ನೈಲಾನ್ ದಾರವನ್ನು ಕಡ್ಡಿಗಿಂತ ಒಂದು ಗೇಣು ಕಡಿಮೆ ಉದ್ದಕ್ಕೆ ಕಟ್ಟಿ. ಆಗ ಕಡ್ಡಿ ನೆಟ್ಟಗೆ ಹಿಡಿದರೆ ಗಾಳ ಅವಳ ಎಡಗೈಗೇ ಬರುತ್ತದೆ, ಬೀಸಿ ಎಸೆಯುವ ಮಾತೇ ಇರುವುದಿಲ್ಲ. ಗಾಳ 10 ಅಥವಾ 12ನೇ ನಂಬರಿನದು. ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು. ತುದಿಯ ಒಳಮಗ್ಗುಲಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ಒಂದೆರಡು ಮೀನು ತಪ್ಪಿಸಿಕೊಂಡರೂ ಬೆರಳಿಗೆ ಚುಚ್ಚಿದ ಗಾಳ ಸಲೀಸಾಗಿ ಹೊರಬರುತ್ತದೆ.

ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡಿಗೆ ಒಣಗಿದ ಜೋಳದ ದಂಟಿನ ತಿರುಳು ಸಾಕು, ಎರಡು ಅಂಗುಲದ್ದು. ತುದಿಗೆ ಕೆಂಪು ಬಣ್ಣ ಹಚ್ಚಿದರೆ ಮಗುವಿನ ಕಣ್ಣು ಅಲ್ಲೇ ನಿಲ್ಲುತ್ತದೆ. ಎಡವುವುದು ಸಾಮಾನ್ಯವಾಗಿ ತೂಕದಲ್ಲಿ. ಬೆಂಡಿನ ಮೂರನೇ ಒಂದು ಭಾಗ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸದ ಗುಂಡು ಹಾಕಿ. ತೂಕ ಕಡಿಮೆಯಾಗಿ ಬೆಂಡು ಅಡ್ಡ ತೇಲಿದರೆ ಸಣ್ಣ ಪಕ್ಕೆ ಮೀನು ಕಚ್ಚಿದ್ದು ತಿಳಿಯುವುದೇ ಇಲ್ಲ, ಮಗುವಿಗೆ ಬೇಸರ ಬರುತ್ತದೆ. ಸೀಸ ವಿಷ. ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚುವ ಅಭ್ಯಾಸವಿದ್ದರೆ ಬಿಡಿ. ಮಕ್ಕಳು ನೋಡಿ ಕಲಿಯುತ್ತಾರೆ. ತಿಂಡಿಗೆ ಮೊದಲು ಕೈ ತೊಳೆಸಿ.

ಹಸಿ ರಾಗಿ ಹಿಟ್ಟು ಕರಗದೆ ಇರದು, ಬೇಯಿಸಿದರೇ ಅಂಟು ಬರುವುದು. ಒಂದು ಲೋಟ ಕುದಿಯುವ ನೀರಿಗೆ ಒಂದು ಲೋಟ ಹಿಟ್ಟು ಹಾಕಿ, ಊಟದ ಮುದ್ದೆಗಿಂತ ಗಟ್ಟಿಯಾಗಿ ತೊಳಸಿ ಬೇಯಿಸಿ. ಆರಿದ ಮೇಲೆ ಎರಡು ಚಮಚ ಗೋಧಿ ಹಿಟ್ಟು, ಒಂದು ಚಮಚ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ ಚೆನ್ನಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಗಾಳಕ್ಕೆ ಕಡಲೆಕಾಳಿನಷ್ಟು ಉಂಡೆ ಸಾಕು. ಮಕ್ಕಳು ನಿಂಬೆಕಾಯಿ ಗಾತ್ರ ಮಾಡುತ್ತಾರೆ. ಮೀನು ಸುತ್ತಲೂ ಕಿತ್ತು ತಿಂದುಹೋಗುತ್ತದೆ, ಗಾಳ ಬಾಯಿಗೇ ಸಿಗುವುದಿಲ್ಲ. ಬೆಂಡು ಮುಳುಗಿದಾಗ ಎರಡೂ ಕೈಯಲ್ಲಿ ಎಳೆದು ತಲೆಯ ಹಿಂದಕ್ಕೆ ಬೀಸುವುದು ಬೇಡ, ಮಣಿಕಟ್ಟು ಮಾತ್ರ ಎತ್ತಬೇಕು ಎಂದು ಮನೆಯ ಅಂಗಳದಲ್ಲೇ ಹತ್ತು ಸಲ ಮಾಡಿಸಿ. ಹೋಗುವ ಜಾಗದ ಮೇಲೆ ಕರೆಂಟ್ ತಂತಿ ಹಾದಿರಬಾರದು.

ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಸಾಕು. ಅದಕ್ಕೆ ಮೊದಲೇ ಮಗು 'ಮನೆಗೆ ಹೋಗೋಣ' ಎಂದರೆ ಹೊರಟುಬಿಡಿ.

ಪ್ರಶ್ನೆ: ಭೀಮೇಶ್ವರಿಯ ಹತ್ತಿರ ಕಾವೇರಿಯಲ್ಲಿ ಮಕ್ಕಳಿಗೆ ಮಹಶೀರ್ ಹಿಡಿಯುವುದನ್ನು ತೋರಿಸಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಬೇಡ, ಅದು ಕಾವೇರಿ ವನ್ಯಜೀವಿಧಾಮದ ಪ್ರದೇಶ. ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಲಾಗಿದೆ. ಮಕ್ಕಳಿಗೆ ದೊಡ್ಡ ಮೀನು ತೋರಿಸಬೇಕಾದರೆ ಶೃಂಗೇರಿ, ಶಿಶಿಲ ಅಥವಾ ರಾಮನಾಥಪುರಕ್ಕೆ ಕರೆದೊಯ್ಯಿರಿ. ಅಲ್ಲಿ ದೇವರ ಮೀನುಗಳು ಮೆಟ್ಟಿಲ ಬುಡಕ್ಕೇ ಬರುತ್ತವೆ, ಗಾಳ ಮಾತ್ರ ಮನೆಯಲ್ಲಿರಲಿ.

ಪ್ರಶ್ನೆ: ಗಾಳ ಚುಚ್ಚಿದರೆ, ಮೀನಿನ ಮುಳ್ಳು ತಗುಲಿದರೆ, ಮಗು ನೀರು ಕುಡಿದರೆ ತಕ್ಷಣ ಏನು ಮಾಡಬೇಕು?
(ಓದುಗರು, ಶಿವಮೊಗ್ಗ)

ಉತ್ತರ: ಮುಳ್ಳು ಚಪ್ಪಟೆ ಮಾಡಿದ ಗಾಳವಾದರೆ ಚುಚ್ಚಿದ ದಾರಿಯಲ್ಲೇ ಹಿಂದಕ್ಕೆ ತೆಗೆದು ಸೋಪು ನೀರಿನಲ್ಲಿ ತೊಳೆಯಿರಿ. ಮುಳ್ಳು ಇರುವ ಗಾಳ ಒಳಗಿಳಿದಿದ್ದರೆ ಎಳೆಯಬೇಡಿ, ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಗಾಳ ಅಲುಗಾಡದಂತೆ ಪಟ್ಟಿ ಅಂಟಿಸಿ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬೇಡಿ. ಕಾಗದದ ಲೋಟವೊಂದನ್ನು ಮೇಲೆ ಕವುಚಿ ಹೊರಡಿ. ಲಸಿಕೆಯ ಕಾರ್ಡ್ ಜೊತೆಗಿರಲಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ಅದನ್ನು ನೋಡಿ ಹೇಳುತ್ತಾರೆ.

ಗಿರ್ಲು, ಚೇಳುಮೀನುಗಳ ರೆಕ್ಕೆಮುಳ್ಳಿನಲ್ಲಿ ನಂಜಿದೆ. ಮೀಸೆಯಿರುವ ಯಾವ ಮೀನನ್ನೂ ಮಕ್ಕಳ ಕೈಗೆ ಕೊಡಬೇಡಿ. ಚುಚ್ಚಿದರೆ, ಮೊದಲು ನಿಮ್ಮ ಕೈಯಿಟ್ಟು ನೋಡಿ ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಅರ್ಧ ಗಂಟೆ ಅದ್ದಿಸಿ. ಶಾಖಕ್ಕೆ ನಂಜಿನ ಬಲ ಕುಗ್ಗುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಇದಕ್ಕೇ.

ನೀರು ಕುಡಿದ ಮಗುವನ್ನು ತಲೆಕೆಳಗು ಹಿಡಿಯುವುದು, ತಿರುಗಿಸುವುದು, ಹೊಟ್ಟೆ ಅಮುಕುವುದು ನಮ್ಮ ಕಡೆ ಇನ್ನೂ ನಡೆದಿದೆ. ಖಂಡಿತ ಮಾಡಬೇಡಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಉಸಿರಿದ್ದರೆ ಪಕ್ಕಕ್ಕೆ ಮಲಗಿಸಿ. ಇಲ್ಲದಿದ್ದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಲಿ. ಆಮೇಲೆ ಎದೆಯ ನಡುಮೂಳೆಯ ಕೆಳಭಾಗದಲ್ಲಿ ಅಂಗೈ ಬುಡವಿಟ್ಟು, ಎದೆಯ ದಪ್ಪದ ಮೂರನೇ ಒಂದರಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ 2 ಉಸಿರು. ಉಸಿರು ಮರಳುವವರೆಗೆ, ಇಲ್ಲವೇ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತ ಮಗುವನ್ನೂ ಆಸ್ಪತ್ರೆಗೆ ತೋರಿಸಿ, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು.

ಕಾಲಲ್ಲಿ ಗಾಯವಿದ್ದರೆ ಅಂದು ನೀರಿಗೆ ಇಳಿಸಬೇಡಿ. ಹೊಳೆಗೆ ಹೋಗಿ ಬಂದ ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಹೊಳೆಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ; ಇಲಿ ಮೂತ್ರ ಬೆರೆತ ನೀರು ಗಾಯಕ್ಕೆ ತಗುಲಿ ಬರುವ ಇಲಿಜ್ವರವೇ ಎಂದು ಅವರು ಪರೀಕ್ಷಿಸುತ್ತಾರೆ.