ಮೊದಲನೇ ಸಲ ಎಲೆಕ್ಟ್ರಿಕ್ ಗಿಟಾರ್ ಅಥವಾ ಬಾಸ್ ಕೈಯಾರೆ ಮಾಡೋಕೆ ಎಲ್ಲಿಂದ ಶುರು ಮಾಡ್ಬೇಕು?

ನೀವು ಕೇಳಿರೋದರಲ್ಲಿ ನಾಲ್ಕು ಪ್ರಶ್ನೆ ಸೇರ್ಕೊಂಡಿದಾವೆ. ಗಿಟಾರ್ ಮಾಡ್ಲಾ ಬಾಸ್ ಮಾಡ್ಲಾ, ನೆಕ್ಕನ್ನೂ (ಬೆರಳು ಒತ್ತಿ ನುಡಿಸೋ ಉದ್ದನೆ ಭಾಗ) ನಾನೇ ಕೆತ್ತಬಹುದಾ, ಯಾವ ಮರ ತಗೊಂಡ್ರೆ ಸೌಂಡ್ ಚೆನ್ನಾಗಿ ಬರುತ್ತೆ, ಡ್ರಿಲ್ಲು ಜಿಗ್‌ಸಾ ಎರಡೇ ಇದ್ರೆ ಸಾಕಾ ಅಂತ. ನಾನು ಗಿಟಾರು ಬಾಸು ಎರಡನ್ನೂ ಮಾಡೋನು, ಹಾಗಾಗಿ ನೇರವಾಗಿ ಹೇಳ್ತೀನಿ: ನೆಕ್ ರೆಡಿ ಇರೋದನ್ನ ತಗೊಳ್ಳಿ, ಬಾಡಿ ನೀವೇ ಮಾಡಿ, ಮರದ ಬಗ್ಗೆ ಓದೋಕೆ ಇಟ್ಕೊಂಡಿರೋ ಟೈಮಲ್ಲಿ ಮುಕ್ಕಾಲು ಪಾಲನ್ನ ಅಳತೆ ಮೇಲೆ ಹಾಕಿ. ಯಾಕೆ ಅಂದ್ರೆ ಮರ ಸಾಧಾರಣ ಇದ್ರೂ ಗಿಟಾರ್ ಚೆನ್ನಾಗಿ ನುಡಿಯುತ್ತೆ, ಅಳತೆ ಎರಡು ಮಿಲಿಮೀಟರ್ ಆಚೀಚೆ ಆದ್ರೆ ಎಂಥಾ ಒಳ್ಳೇ ಮರ ಇದ್ರೂ ಶ್ರುತಿ ಕೂರಲ್ಲ.

ಗಿಟಾರಾ ಬಾಸಾ ಅನ್ನೋದಕ್ಕೆ, ನೀವು ದಿನಾ ಯಾವುದು ನುಡಿಸ್ತೀರೋ ಅದನ್ನೇ ಮಾಡಿ, ಯಾಕಂದ್ರೆ ಕೊನೇಲಿ ಸೆಟಪ್ ಮಾಡುವಾಗ, ಅಂದ್ರೆ ತಂತಿ ಎತ್ತರ ಸ್ವರ ಎಲ್ಲಾ ಹೊಂದಿಸುವಾಗ, ಸರಿ ಇದೆಯೋ ಇಲ್ವೋ ಅಂತ ಹೇಳ್ಬೇಕಾಗಿರೋದು ನಿಮ್ಮ ಕೈ. ಬಾಸ್‌ನಲ್ಲಿ ನಾಲ್ಕೇ ತಂತಿ, ವೈರಿಂಗೂ ಸರಳ, ಅದು ಅನುಕೂಲ. ಆದ್ರೆ ನೆಕ್ ಉದ್ದ, ಬಿರಡೆಗಳು ದೊಡ್ಡವು, ತೂಕ ಎಲ್ಲಾ ತಲೆ ಕಡೆಗೆ ಹೋಗುತ್ತೆ, ಬೆಲ್ಟ್ ಹಾಕ್ಕೊಂಡು ನಿಂತು ಕೈ ಬಿಟ್ರೆ ನೆಕ್ ಕೆಳಗೆ ಜಾರುತ್ತೆ. ಇದಕ್ಕೆ ಬಾಡಿಯ ಮೇಲಿನ ಕೊಂಬು ಮುಂದಕ್ಕೆ ಚಾಚಿರಬೇಕು, ಬೆಲ್ಟಿನ ಬಟನ್ 12ನೇ ಫ್ರೆಟ್ಟಿನ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿರೋ ಲೋಹದ ಪಟ್ಟಿ) ಹತ್ರ ಬರೋ ಹಾಗಿದ್ರೆ ಸಾಮಾನ್ಯವಾಗಿ ಬ್ಯಾಲೆನ್ಸ್ ಸಿಗುತ್ತೆ. ಬಾಡಿ ಚಿಕ್ಕದಾಗಿ ಚೆಂದ ಕಾಣ್ಲಿ ಅಂತ ಕೊಂಬು ಕತ್ತರಿಸಿ ಹಾಕೋ ಡಿಸೈನ್‌ಗಳನ್ನ ಮೊದಲ ಬಾಸ್‌ಗೆ ದಯವಿಟ್ಟು ತಗೋಬೇಡಿ.

ನೆಕ್ ಯಾಕೆ ಬೇಡ ಅಂತೀನಿ ಅಂದ್ರೆ, ಮರ ಕೆತ್ತೋದು ಅಷ್ಟೇನೂ ಕಷ್ಟ ಅಲ್ಲ, ಫ್ರೆಟ್ ಕೆಲಸ ಕಷ್ಟ. 10ರಿಂದ 46ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ಹಾಕಿದ್ರೆ ಗಿಟಾರ್ ತಂತಿಗಳೆಲ್ಲಾ ಸೇರಿ ಸುಮಾರು 45 ಕೆಜಿ ಎಳೀತವೆ, ಬಾಸ್‌ನಲ್ಲಿ 75 ಕೆಜಿ ಮೇಲೆ. ಆ ಎಳೆತಕ್ಕೆ ನೆಕ್ ಬಗ್ಗದೇ ಇರ್ಲಿ ಅಂತಾನೇ ಒಳಗೆ ಟ್ರಸ್ ರಾಡ್ ಅನ್ನೋ, ತಿರುಗಿಸಿ ಬಿಗಿ ಹೊಂದಿಸೋ ಲೋಹದ ಸರಳು ಕೂರಿಸ್ತಾರೆ. ಅದರ ಮೇಲೆ ಫಿಂಗರ್‌ಬೋರ್ಡು (ಬೆರಳು ಒತ್ತೋ ತೆಳು ಹಲಗೆ), ಅದರಲ್ಲಿ ಸುಮಾರು 0.6 ಮಿಮೀ ಅಗಲದ ಗೀರು, ಪ್ರತಿ ಗೀರಿಗೆ ಫ್ರೆಟ್ ಹೊಡೆದು, ಇಪ್ಪತ್ತೆರಡನ್ನೂ ಒಂದೇ ಮಟ್ಟಕ್ಕೆ ತಂದು, ಆಮೇಲೆ ಒಂದೊಂದನ್ನೂ ಮತ್ತೆ ದುಂಡಗೆ ಮಾಡಿ ಪಾಲಿಶ್ ಮಾಡ್ಬೇಕು. ಇದಕ್ಕೆ ಬೇರೆ ಗರಗಸ, ಬೇರೆ ಅರ, ಬೇರೆ ಬ್ಲಾಕು ಎಲ್ಲಾ ಬೇಕು. ಎರಡನೇ ಗಿಟಾರ್‌ಗೆ ಮಾಡಿ, ಖಂಡಿತ ಮಾಡಿ, ಅದರಲ್ಲಿ ಸಿಗೋ ಖುಷಿನೇ ಬೇರೆ.

ಬಾಡಿ ಬೇರೆ ನೆಕ್ ಬೇರೆ ಮಾಡಿ ಸ್ಕ್ರೂನಲ್ಲಿ ಜೋಡಿಸೋದು ಅಂದ್ರೆ ಕಮ್ಮಿ ದರ್ಜೆ ಕೆಲಸ ಅನ್ನೋ ಭಾವನೆ ಇದ್ರೆ ಬಿಟ್ಬಿಡಿ. ಫೆಂಡರ್ ಗಿಟಾರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡ್ತಿದ್ದೋರು, ಅವರಿಗೆ ಗಿಟಾರ್ ನುಡಿಸೋಕೂ ಬರ್ತಿರ್ಲಿಲ್ಲ, ಆದ್ರೆ ಯಾವುದು ಕೆಟ್ರೂ ಬಿಚ್ಚಿ ಬದಲಾಯಿಸೋ ಹಾಗಿರಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಟೆಲಿಕ್ಯಾಸ್ಟರ್, 1951ರ ಪ್ರಿಸಿಷನ್ ಬಾಸ್, 1954ರ ಸ್ಟ್ರಾಟೊಕ್ಯಾಸ್ಟರ್ ಮೂರರಲ್ಲೂ ನೆಕ್ ನಿಂತಿರೋದು ನಾಲ್ಕು ಸ್ಕ್ರೂ ಮೇಲೆ.

ಈಗ ಅಳತೆಗೆ ಬರೋಣ, ಇದೇ ಮುಖ್ಯ. ಸ್ಕೇಲ್ ಲೆಂತ್ ಅಂದ್ರೆ ನಟ್‌ನಿಂದ ಬ್ರಿಡ್ಜಿನ ಸ್ಯಾಡಲ್‌ವರೆಗೆ ತಂತಿ ಅಲುಗಾಡೋ ಉದ್ದ. ನಟ್ ಅಂದ್ರೆ ತಲೆ ಕಡೆ ತಂತಿ ಕೂರೋ ಗೀರುಗಳಿರೋ ಪಟ್ಟಿ, ಬ್ರಿಡ್ಜ್ ಅಂದ್ರೆ ಬಾಡಿ ಮೇಲೆ ತಂತಿ ಹೊರೋ ಭಾಗ, ಸ್ಯಾಡಲ್ ಅಂದ್ರೆ ಅದರಲ್ಲಿ ಹಿಂದೆ ಮುಂದೆ ಸರಿಸೋ ತುಂಡು. ಫೆಂಡರ್ ಥರದ ಗಿಟಾರ್‌ನಲ್ಲಿ 25.5 ಇಂಚು, ಅಂದ್ರೆ 648 ಮಿಮೀ. ಇನ್ನೊಂದು ಕಂಪನಿ ಗಿಬ್ಸನ್ ಥರದ್ದು 24.75 ಇಂಚು ಅಂತ ಹೇಳ್ತಾರೆ. ಸಾಮಾನ್ಯ ಬಾಸ್ 34 ಇಂಚು, ಅಂದ್ರೆ 864 ಮಿಮೀ, ಚಿಕ್ಕ ಬಾಸ್ 30 ಇಂಚು. ಫ್ರೆಟ್ ಎಲ್ಲೆಲ್ಲಿ ಬರುತ್ತೆ ಅನ್ನೋದಕ್ಕೆ ಸ್ಕೇಲನ್ನ 17.817ರಿಂದ ಭಾಗಿಸ್ಬೇಕು, ಬಂದದ್ದು ನಟ್‌ನಿಂದ ಮೊದಲ ಫ್ರೆಟ್ಟಿಗೆ ಇರೋ ದೂರ, 648ಕ್ಕೆ ಅದು 36.37 ಮಿಮೀ. ಉಳಿದ ಉದ್ದಾನ ಮತ್ತೆ 17.817ರಿಂದ ಭಾಗಿಸಿದ್ರೆ ಮುಂದಿನದು, ಹೀಗೆ ಮಾಡ್ತಾ ಹೋದ್ರೆ 12ನೇ ಫ್ರೆಟ್ಟು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ಕೂರುತ್ತೆ. ಯಾವತ್ತಾದ್ರೂ ನೀವೇ ಗುರುತು ಹಾಕೋದಾದ್ರೆ ಫ್ರೆಟ್ಟಿಂದ ಫ್ರೆಟ್ಟಿಗೆ ಅಳೀಬೇಡಿ, ಪ್ರತಿ ಸಲ ನಟ್‌ನಿಂದಲೇ ಅಳೀರಿ, ಇಲ್ಲಾಂದ್ರೆ ಒಂದೊಂದು ಕೂದಲೆಳೆ ತಪ್ಪೂ ಸೇರಿ ಸೇರಿ ಕೊನೇ ಫ್ರೆಟ್ಟಲ್ಲಿ ದೊಡ್ಡದಾಗಿರುತ್ತೆ.

ನೆಕ್ ಕೈಗೆ ಬಂದ ತಕ್ಷಣ ನಟ್‌ನ ಮುಂಭಾಗದಿಂದ 12ನೇ ಫ್ರೆಟ್ಟಿನ ನಡುವಿಗೆ ಅಳೆದು ಎರಡರಿಂದ ಗುಣಿಸಿ, ಅದೇ ನಿಮ್ಮ ಸ್ಕೇಲು, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಆಮೇಲೆ ದೊಡ್ಡ ಹಾಳೆ ಮೇಲೆ ಇಡೀ ಗಿಟಾರನ್ನ ನಿಜವಾದ ಸೈಜಲ್ಲೇ ಬರೀರಿ. ಮೊದಲು ಮಧ್ಯದ ಗೆರೆ, ಅದರ ಮೇಲೆ ನೆಕ್ಕು, ಬ್ರಿಡ್ಜು, ಪಿಕಪ್ಪು (ತಂತಿ ಅಲುಗಾಟವನ್ನ ಕರೆಂಟ್ ಮಾಡೋ ಭಾಗ), ಎರಡು ತುದಿ ತಂತಿಗಳು. ಬ್ರಿಡ್ಜು, ಪಿಕಪ್ಪು, ಬಿರಡೆ ಎಲ್ಲಾ ಕೈಯಲ್ಲಿ ಇಟ್ಕೊಂಡೇ ಬರೀರಿ, ಫೋಟೋ ನೋಡ್ಕೊಂಡು ಬೇಡ. ಬಾಸ್ ಬ್ರಿಡ್ಜಲ್ಲಿ ತಂತಿ ತಂತಿ ಮಧ್ಯೆ 19 ಮಿಮೀ ಇರೋದು ಸಾಮಾನ್ಯ, ಅದು ನಿಮ್ಮ ನೆಕ್ಕಿಗೆ ಹೊಂದುತ್ತಾ, ಕೊನೇ ಫ್ರೆಟ್ಟಿನ ಹತ್ರ ತುದಿ ತಂತಿ ಅಂಚಿಂದ 3 ಮಿಮೀ ಆದ್ರೂ ಒಳಗೆ ಬರುತ್ತಾ ಅಂತ ಈ ಹಾಳೆ ಮೇಲೇ ಗೊತ್ತಾಗ್ಬಿಡುತ್ತೆ. ಎತ್ತರಾನೂ ಪಕ್ಕದ ನೋಟದಲ್ಲಿ ಬರೀಬೇಕು. ಫೆಂಡರ್ ಥರದ ಚಪ್ಪಟೆ ಬ್ರಿಡ್ಜ್ ಆದ್ರೆ ನೆಕ್ಕಿನ ಹಿಮ್ಮಡಿ (ಬಾಡಿಗೆ ಸೇರೋ ತುದಿ) ಸುಮಾರು 25 ಮಿಮೀ ದಪ್ಪ, ಅದು ಕೂರೋ ಗುಂಡಿ 16 ಮಿಮೀ ಆಳ, ನೆಕ್ ನೇರವಾಗಿ ಕೂರುತ್ತೆ. ಗಿಬ್ಸನ್ ಥರ ಎತ್ತರದ ಬ್ರಿಡ್ಜ್ ತಗೊಂಡ್ರೆ ನೆಕ್ಕನ್ನ ಮೂರ್ನಾಲ್ಕು ಡಿಗ್ರಿ ಹಿಂದಕ್ಕೆ ಬಾಗಿಸಿ ಕೂರಿಸ್ಬೇಕಾಗುತ್ತೆ, ಮೊದಲ ಸಲಕ್ಕೆ ಆ ತಾಪತ್ರಯ ಬೇಡ.

ಮರ. ಇದರ ಬಗ್ಗೆ ಜಗಳ ಯಾವತ್ತೂ ಮುಗಿಯಲ್ಲ, ನನ್ನ ಅಭಿಪ್ರಾಯ ಹೇಳ್ತೀನಿ. ಎಲೆಕ್ಟ್ರಿಕ್ ಗಿಟಾರಲ್ಲಿ ಪಿಕಪ್ ಕೇಳಿಸ್ಕೊಳ್ಳೋದು ಕಬ್ಬಿಣದಂಶ ಇರೋ ತಂತಿಯ ಅಲುಗಾಟವನ್ನ, ಆಯಸ್ಕಾಂತದ ಮೇಲೆ ತಂತಿ ಅಲುಗಾಡಿದ್ರೆ ಸುತ್ತಿರೋ ತಾಮ್ರದ ಎಳೆಯಲ್ಲಿ ಕರೆಂಟ್ ಹುಟ್ಟುತ್ತೆ, ಅಷ್ಟೇ. ಅದೇ ಪಿಕಪ್ಪನ್ನ ನೆಕ್ ಹತ್ರ ಇಟ್ರೆ ದುಂಡಗಿನ ದಪ್ಪ ಸ್ವರ, ಬ್ರಿಡ್ಜ್ ಹತ್ರ ಇಟ್ರೆ ಚೂಪಾದ ಸ್ವರ. ಈ ಜಾಗದ ವ್ಯತ್ಯಾಸದ ಮುಂದೆ ಎರಡು ಜಾತಿ ಮರದ ವ್ಯತ್ಯಾಸ ತೀರಾ ಸಣ್ಣದು. ಗಿಟಾರ್ ವಾದಕ ಲೆಸ್ ಪಾಲ್ 1940ರ ಆಸುಪಾಸಲ್ಲಿ ಒಂದು ಪೈನ್ ಮರದ ತೊಲೆಗೆ ನೆಕ್ಕು ಪಿಕಪ್ಪು ಹಾಕಿ ನುಡಿಸಿದ್ರು, ನೋಡೋಕೆ ಗಿಟಾರ್ ಥರ ಇರ್ಲಿ ಅಂತ ಅಕ್ಕಪಕ್ಕಕ್ಕೆ ಬೇರೆ ಗಿಟಾರ್ ಬಾಡಿ ಸೀಳಿ ಅಂಟಿಸಿದ್ರು. ಹಾಗಾಗಿ ಮರದಲ್ಲಿ ನೋಡ್ಬೇಕಾಗಿರೋದು ಬೇರೆ: ಪೂರ್ತಿ ಒಣಗಿರಬೇಕು, ತೇವಾಂಶ ಶೇಕಡಾ 10ರ ಒಳಗಿದ್ರೆ ಒಳ್ಳೇದು. ಸೊಟ್ಟ ಆಗಿರಬಾರದು, ಗಂಟು ಬಿರುಕು ನೆಕ್ ಕೂರೋ ಜಾಗದಲ್ಲಿ ಇರಬಾರದು, ಸ್ಕ್ರೂ ಹಿಡಿಯೋಷ್ಟು ಗಟ್ಟಿ ಇರಬೇಕು, ಮತ್ತೆ ಹೊತ್ಕೊಂಡು ನಿಲ್ಲೋಷ್ಟು ಹಗುರ ಇರಬೇಕು. ದಪ್ಪ 44-45 ಮಿಮೀ. ಒಂದೇ ಅಗಲದ ಹಲಗೆ ಸಿಗದಿದ್ರೆ ಎರಡು ಮೂರು ಪಟ್ಟಿ ಅಂಟಿಸಿ ಮಾಡಿ, ಅಂಚು ಎರಡೂ ನೇರವಾಗಿ ಕೂಡಿದ್ರೆ ಆ ಜೋಡಣೆ ಮರಕ್ಕಿಂತ ಗಟ್ಟಿ ಇರುತ್ತೆ.

ಟೂಲ್ಸ್ ವಿಷಯಕ್ಕೆ, ಡ್ರಿಲ್ಲು ಜಿಗ್‌ಸಾದಲ್ಲಿ ಬಾಡಿ ಆಕಾರ ಬರುತ್ತೆ, ಆದ್ರೆ 45 ಮಿಮೀ ದಪ್ಪದಲ್ಲಿ ಜಿಗ್‌ಸಾ ಬ್ಲೇಡ್ ಒಳಗೊಳಗೇ ಬಾಗುತ್ತೆ, ಮೇಲೆ ಗೆರೆ ಮೇಲಿದ್ರೂ ಕೆಳಗೆ ಎಲ್ಲೋ ಹೋಗಿರುತ್ತೆ, ಅದಕ್ಕೆ ಗೆರೆಯಿಂದ 3-4 ಮಿಮೀ ಹೊರಗೇ ಕೊಯ್ದು ಉಳಿದಿದ್ದನ್ನ ಅರದಲ್ಲಿ ಉಜ್ಜಿ. ನೆಕ್ ಗುಂಡಿಗೆ ಮಾತ್ರ ರೌಟರ್ (ತಿರುಗೋ ಬಿಟ್ಟಿಂದ ಗುಂಡಿ ಕೊರೆಯೋ ಮೆಷಿನ್) ಬೇಕು ಅಂತ ನಾನು ಹೇಳ್ತೀನಿ, ಕೊಂಡ್ಕೊಳ್ಳೋಕೆ ಆಗದಿದ್ರೆ ಯಾರ ಹತ್ರನಾದ್ರೂ ಇಸ್ಕೊಳ್ಳಿ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಗುಂಡಿ ಆಕಾರದ ಟೆಂಪ್ಲೇಟ್ ಮಾಡಿ, ಮೊದಲು ಡ್ರಿಲ್ಲಲ್ಲೇ ಹೆಚ್ಚಿನ ಮರ ತೆಗೆದು, ಆಮೇಲೆ ರೌಟರ್‌ನ ಒಂದು ಸಲಕ್ಕೆ ಐದಾರು ಮಿಲಿಮೀಟರಿಗಿಂತ ಆಳ ಇಳಿಸ್ದೆ ಮೆಲ್ಲಗೆ ಓಡಿಸಿ. ಕೊಂಬಿನ ತುದಿಯಲ್ಲಿ ಎಳೆಗೆ ಎದುರಾಗಿ ಹೋದ್ರೆ ಇಡೀ ಚೂರು ಕಿತ್ಕೊಂಡು ಹಾರುತ್ತೆ, ಅಲ್ಲಿ ಇನ್ನೂ ಕಮ್ಮಿ ಕಮ್ಮಿ ತೆಗೀರಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಮೂಗಿಗೆ ಮಾಸ್ಕ್, ಇದರಲ್ಲಿ ರಾಜಿ ಇಲ್ಲ, ರೋಸ್‌ವುಡ್ ಥರದ ಮರದ ಪುಡಿ ಎಷ್ಟೋ ಜನಕ್ಕೆ ಅಲರ್ಜಿ ಮಾಡುತ್ತೆ.

ನೆಕ್ ಗುಂಡಿ ಹೇಗಿರಬೇಕು ಅಂದ್ರೆ, ಸ್ಕ್ರೂ ಹಾಕದೇನೇ ನೆಕ್ ಒಳಗೆ ಒತ್ತಿ ಬಾಡಿನ ಮೇಲೆತ್ತಿದ್ರೆ ಅದು ಅಲ್ಲಾಡದೆ ನಿಲ್ಲಬೇಕು. ಸ್ಕ್ರೂ ತೂತು ಬಾಡಿಯಲ್ಲಿ ಸ್ವಲ್ಪ ದೊಡ್ಡದು, ಸ್ಕ್ರೂ ಆರಾಮಾಗಿ ತೂರಬೇಕು; ನೆಕ್ಕಲ್ಲಿ ಚಿಕ್ಕದು, ಅಲ್ಲಿ ಅದು ಕಚ್ಚಬೇಕು. ಎರಡೂ ಕಡೆ ಕಚ್ಚಿದ್ರೆ ಮಧ್ಯೆ ಸಂದಿ ಉಳಿದುಬಿಡುತ್ತೆ. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಳ್ಳಿ, ಇಲ್ಲಾಂದ್ರೆ ಫಿಂಗರ್‌ಬೋರ್ಡಿಂದ ತುದಿ ಆಚೆ ಬರುತ್ತೆ. ಮೇಪಲ್ ಗಟ್ಟಿ ಮರ, ಸ್ಕ್ರೂಗೆ ಸ್ವಲ್ಪ ಮೇಣ ಹಚ್ಚಿ ತಿರುಗಿಸಿ.

ಬ್ರಿಡ್ಜ್ ಕೂರಿಸೋದು ಇಡೀ ಕೆಲಸದಲ್ಲಿ ನಂಗೆ ತುಂಬಾ ಇಷ್ಟ, ಇಲ್ಲಿ ಅವಸರ ಮಾಡ್ಬೇಡಿ. ನೆಕ್ ಬಿಗಿ ಮಾಡಿ, ಸಣ್ಣ ತಂತಿಯ ಸ್ಯಾಡಲನ್ನ ಸ್ವಲ್ಪವೇ ಜಾಗ ಬಿಟ್ಟು ಮುಂದಕ್ಕೆ ತಂದು, ಅದರ ಮೇಲೆ ತಂತಿ ಕೂರೋ ಬಿಂದು ಸರಿಯಾಗಿ ಸ್ಕೇಲ್ ಅಳತೆಗೆ ಬರೋ ಹಾಗೆ ಬ್ರಿಡ್ಜನ್ನ ಬರೀ ಟೇಪಲ್ಲಿ ಅಂಟಿಸಿ. ಫ್ರೆಟ್ ಮೇಲೆ ಒತ್ತಿದಾಗ ತಂತಿ ಹಿಗ್ಗಿ ಸ್ವರ ಒಂಚೂರು ಏರುತ್ತೆ, ಅದನ್ನ ಸರಿದೂಗಿಸೋಕೆ ಸ್ಯಾಡಲ್‌ಗಳು ಹಿಂದಕ್ಕೆ ಹೋಗ್ಬೇಕಾಗುತ್ತೆ, ದಪ್ಪ ತಂತಿಯದು ಇನ್ನೂ ಹಿಂದಕ್ಕೆ. ಹಾಗಾಗಿ ಜಾಗ ಹಿಂದುಗಡೆ ಉಳಿದಿರಬೇಕು, ಮುಂದೆ ಅಲ್ಲ. ಈಗ ಎರಡು ತುದಿ ತಂತಿಗಳ ಜಾಗದಲ್ಲಿ ನಟ್‌ನಿಂದ ಸ್ಯಾಡಲ್‌ಗೆ ಹೊಲಿಗೆ ದಾರ ಬಿಗಿಯಾಗಿ ಕಟ್ಟಿ, ಮೇಲಿಂದ ನೋಡಿ. ಕೊನೇ ಫ್ರೆಟ್ಟಲ್ಲಿ ದಾರದಿಂದ ಅಂಚಿಗೆ ಎರಡೂ ಕಡೆ ಒಂದೇ ಅಂತರ ಇದೆಯಾ? ಇಲ್ಲಾಂದ್ರೆ ಬ್ರಿಡ್ಜನ್ನ ಕೂದಲಷ್ಟು ಸರಿಸಿ ಮತ್ತೆ ಅಳೀರಿ. ಎರಡೂ ಸಮ ಬಂದ ಮೇಲೇನೇ ಡ್ರಿಲ್ ಮುಟ್ಟಿ. ಪಿಕಪ್ ಗುಂಡಿಗಳ ಗುರುತನ್ನೂ ಈ ದಾರ ನೋಡ್ಕೊಂಡೇ ಹಾಕಿದ್ರೆ ತಂತಿ ಪಿಕಪ್ಪಿನ ಕಂಬಗಳ ಮೇಲೇ ಹಾದುಹೋಗುತ್ತೆ.

ವೈರಿಂಗ್ ಹೆದರ್ಕೊಳ್ಳೋ ಅಂಥದ್ದಲ್ಲ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋ ಓಮ್ ಪಾಟು (ವಾಲ್ಯೂಮ್, ಟೋನ್ ನಾಬಿನ ಕೆಳಗಿರೋ ಭಾಗ), ಎರಡು ಸುರುಳಿಯ ಹಂಬಕರ್‌ಗೆ 500, ಇದು ರೂಢಿ. ಬ್ರಿಡ್ಜ್ ಕೆಳಗಿಂದ ಒಂದು ವೈರ್ ವಾಲ್ಯೂಮ್ ಪಾಟಿನ ಬೆನ್ನಿಗೆ ಬರ್ಲೇಬೇಕು, ಅದಕ್ಕೆ ತೂತನ್ನ ಬ್ರಿಡ್ಜ್ ಕೂರಿಸೋ ಮುಂಚೆ ಕೊರೆದಿರಿ. ತಂತಿ ಮುಟ್ಟಿದಾಗ ಝುಂಯ್ ಅನ್ನೋ ಸದ್ದು ಕಮ್ಮಿ ಆದ್ರೆ ಆ ವೈರ್ ಸರಿಯಾಗಿದೆ ಅಂತ ಅರ್ಥ.

ಬಣ್ಣ ಹಚ್ಚೋ ಆಸೆ ತಡ್ಕೊಳ್ಳಿ, ಮೊದಲು ಏನೂ ಹಚ್ಚದ ಮರದಲ್ಲೇ ಎಲ್ಲಾ ಜೋಡಿಸಿ ತಂತಿ ಹಾಕಿ ಒಂದಷ್ಟು ದಿನ ನುಡಿಸಿ. ಕೊಂಬು ಎದೆಗೆ ಚುಚ್ಚುತ್ತಾ, ನಾಬು ಕೈಗೆ ಸಿಗುತ್ತಾ, ಎಲ್ಲಾದ್ರೂ ಇನ್ನೊಂಚೂರು ಉಜ್ಜಬೇಕಾ ಅಂತ ಗೊತ್ತಾಗೋದು ಆಗಲೇ. ಸೆಟಪ್ಪೂ ಆಗಲೇ ಮಾಡ್ಕೊಳ್ಳಿ. ಶ್ರುತಿ ಮಾಡಿ, ದಪ್ಪ ತಂತಿನ ಮೊದಲ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡ್ಕೊಂಡು 7ನೇ ಫ್ರೆಟ್ ಹತ್ರ ಸಂದಿ ನೋಡಿ, 0.2-0.3 ಮಿಮೀ ಇದ್ರೆ ಸಾಕು, ಹೆಚ್ಚು ಕಮ್ಮಿ ಇದ್ರೆ ಟ್ರಸ್ ರಾಡನ್ನ ಕಾಲು ಸುತ್ತಿನಷ್ಟೇ ತಿರುಗಿಸಿ ಕಾಯಿರಿ. 12ನೇ ಫ್ರೆಟ್ಟಲ್ಲಿ ತಂತಿ ಎತ್ತರ ಗಿಟಾರ್‌ಗೆ 1.5ರಿಂದ 2 ಮಿಮೀ, ಬಾಸ್‌ಗೆ 2ರಿಂದ 2.5. ನಟ್ ಬಗ್ಗೆ ಯಾರೂ ಹೇಳಲ್ಲ, ಮೊದಲ ಮೂರು ಫ್ರೆಟ್ಟಲ್ಲಿ ಸ್ವರ ಯಾಕೆ ಏರ್ತಿದೆ ಅಂತ ತಲೆ ಕೆಡಿಸ್ಕೊಳ್ಳೋರಲ್ಲಿ ತುಂಬಾ ಜನಕ್ಕೆ ಕಾರಣ ನಟ್ ಗೀರು ಎತ್ತರ ಇರೋದೇ. 3ನೇ ಫ್ರೆಟ್ ಒತ್ತಿ 1ನೇ ಫ್ರೆಟ್ ಮೇಲೆ ನೋಡಿ, ತೆಳ್ಳಗೆ ಬೆಳಕು ಕಾಣೋಷ್ಟು ಸಂದಿ ಇರಬೇಕು. ಜಾಸ್ತಿ ಇದ್ರೆ ಅರದಲ್ಲಿ ಎರಡು ಎಳೆತ, ತಂತಿ ಕೂರಿಸಿ ನೋಡೋದು, ಮತ್ತೆ ಎರಡು ಎಳೆತ. ಗೀರು ಬಿರಡೆ ಕಡೆಗೆ ಇಳಿಜಾರಾಗಿರಲಿ, ಇಲ್ಲಾಂದ್ರೆ ಖಾಲಿ ತಂತಿ ಝರ್ ಅನ್ನುತ್ತೆ.

ಇಂಟೊನೇಷನ್, ಅಂದ್ರೆ ನೆಕ್ ಉದ್ದಕ್ಕೂ ಸ್ವರ ಸರಿ ಬರೋ ಹಾಗೆ ಸ್ಯಾಡಲ್ ಹೊಂದಿಸೋದು, ಕೊನೇಲಿ. 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ತಂತಿ ಒತ್ತದೆ ಬರೀ ಮುಟ್ಟಿ ನುಡಿಸೋ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರಾನೂ ಟ್ಯೂನರ್‌ನಲ್ಲಿ ಹೋಲಿಸಿ, ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ.

ಇದೆಲ್ಲಾ ಸರಿ ಬಂದ ಮೇಲೆ ಬಿಚ್ಚಿ ಫಿನಿಶ್ ಮಾಡಿ. ಮೊದಲ ಸಲಕ್ಕೆ ಸ್ಪ್ರೇಗಿಂತ ಒರೆಸಿ ಹಚ್ಚೋ ಎಣ್ಣೆ ಒಳ್ಳೇದು, ಗೀರು ಬಿದ್ರೂ ಅಲ್ಲಷ್ಟೇ ಮತ್ತೆ ಹಚ್ಚಬಹುದು. ನೆಕ್ ಗುಂಡಿ ಒಳಗೆ ಏನೂ ಹಚ್ಚಬೇಡಿ, ಅಲ್ಲಿಗೆ ಟೇಪ್ ಹಾಕಿಟ್ಟಿರಿ, ಪದರ ದಪ್ಪ ಆದ್ರೆ ನೆಕ್ ಕೂರಲ್ಲ. ಮತ್ತೆ ಅಗಸೆ ಎಣ್ಣೆ ಥರದ ಒಣಗೋ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಒಣಗ್ತಾ ಒಣಗ್ತಾ ಅದು ತಾನೇ ಬಿಸಿ ಆಗಿ ಹೊತ್ಕೊಳ್ಳುತ್ತೆ. ಹೊರಗೆ ಬಿಡಿಸಿ ಹರಡಿ ಪೂರ್ತಿ ಗರಿಗರಿ ಆಗೋವರೆಗೆ ಒಣಗಿಸಿ, ಆಮೇಲೆ ಬಿಸಾಕಿ.