ಹೌಸಿಂಗ್ ಕೊಳ್ಳುವ ಮುಂಚೆ ಕ್ಯಾಮೆರಾದ ಗುಂಡಿ ನೋಡಿ

ಪ್ರಶ್ನೆ: ನನ್ನ ಹತ್ತಿರ ಟಚ್‌ಸ್ಕ್ರೀನ್ ಇರುವ ಕ್ಯಾಮ್‌ಕಾರ್ಡರ್ ಇದೆ. ಈಚೆಗೆ ಸ್ಕೂಬಾ ಡೈವಿಂಗ್ ಕಲಿತೆ, 18 ಮೀಟರ್‌ವರೆಗೆ ಇಳಿಯಲು ಸರ್ಟಿಫಿಕೇಟ್ ಸಿಕ್ಕಿದೆ. ಹವಳದ ದಿಬ್ಬ, ಆಮೆ, ಮೀನಿನ ಹಿಂಡು ಇವನ್ನೆಲ್ಲ ವಿಡಿಯೊ ಮಾಡುವ ಆಸೆ. ಎರಡು ಹೌಸಿಂಗ್ (ನೀರು ತಾಗದಂತೆ ಕ್ಯಾಮೆರಾ ಇಡುವ ಡಬ್ಬಿ) ನೋಡಿಟ್ಟಿದ್ದೇನೆ. ಒಂದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು, 60 ಮೀಟರ್ ತಾಳುತ್ತದಂತೆ, ಮುಂದೆ ಚಪ್ಪಟೆ ಗಾಜು. ಇನ್ನೊಂದು ಅಲ್ಯೂಮಿನಿಯಂನದು, 100 ಮೀಟರ್, ಮುಂದೆ ಉಬ್ಬಿದ ಗುಮ್ಮಟದಂಥ ಡೋಮ್ ಗಾಜು ಹಾಕಬಹುದು, ಬೆಲೆ ದುಪ್ಪಟ್ಟು. ಯಾವುದು ತೊಗೊಳ್ಳಲಿ?

ಉತ್ತರ: ಮೊದಲು ಆ ಮೀಟರ್ ಲೆಕ್ಕ ಪಕ್ಕಕ್ಕಿಡಿ. ನೀವು ಇಳಿಯುವುದು 18 ಮೀಟರ್. ಮುಂದಿನ ಕೋರ್ಸ್ ಮಾಡಿದರೆ 30 ಆಗಬಹುದು. ಹವ್ಯಾಸಕ್ಕೆ ಇಳಿಯುವವರಿಗೆ 40 ಮೀಟರೇ ಕೊನೆ. ಅಂದಮೇಲೆ 60 ಆದರೇನು, 100 ಆದರೇನು? ಹಾಗಂತ ನೀರಿನ ಒತ್ತಡ ಸಣ್ಣದಲ್ಲ. ಪ್ರತಿ 10 ಮೀಟರ್‌ಗೆ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. 18 ಮೀಟರ್ ಆಳದಲ್ಲಿ 10 ಸೆಂಟಿಮೀಟರ್ ಅಗಲದ ದುಂಡು ಗಾಜಿನ ಮೇಲೆ ಸುಮಾರು 140 ಕಿಲೋ ಬೀಳುತ್ತದೆ. ಸರಿಯಾಗಿ ಮಾಡಿದ ಪಾಲಿಕಾರ್ಬೊನೇಟ್ ಡಬ್ಬಿ ಇದನ್ನು ಆರಾಮವಾಗಿ ತಡೆಯುತ್ತದೆ.

ನನಗೆ ಚಿಂತೆ ಇರುವುದು ನಿಮ್ಮ ಟಚ್‌ಸ್ಕ್ರೀನ್ ಬಗ್ಗೆ. ಹೌಸಿಂಗ್ ಒಳಗೆ ಹೋದಮೇಲೆ ಆ ಪರದೆ ಬರೀ ನೋಡೋಕೆ, ಮುಟ್ಟೋಕೆ ಆಗಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪರದೆ ಮುಟ್ಟದೆ, ಬರೀ ಗುಂಡಿಗಳಿಂದ ರೆಕಾರ್ಡಿಂಗ್ ಶುರು ಮಾಡಿ, ನಿಲ್ಲಿಸಿ, ಜೂಮ್ ಮಾಡಿ. ಆಟೊ ಫೋಕಸ್ ತೆಗೆದು ಮ್ಯಾನ್ಯುಯಲ್‌ಗೆ ಹಾಕಿ. ಕೊನೆಗೆ ಒಂದು ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿ, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡಿ. ಎಷ್ಟೋ ಕ್ಯಾಮ್‌ಕಾರ್ಡರ್‌ಗಳು ಸೋಲುವುದು ಈ ಕೊನೇ ಕೆಲಸದಲ್ಲೇ. ಕ್ಯಾಮೆರಾದಲ್ಲೇ ಗುಂಡಿ ಇಲ್ಲ ಅಂದರೆ ಎಷ್ಟು ದುಬಾರಿ ಹೌಸಿಂಗ್ ತಂದರೂ ಅದು ಒತ್ತುವುದು ಏನನ್ನು? ಕೆಲವು ಹೌಸಿಂಗ್‌ಗಳು ಲ್ಯಾಂಕ್ ಎಂಬ ರಿಮೋಟ್ ವೈರಿನಿಂದ ಕ್ಯಾಮೆರಾ ನಡೆಸುತ್ತವೆ. ಗುಂಡಿಗಳಿಗಾಗಿ ಹೌಸಿಂಗ್ ಗೋಡೆಗೆ ಕೊರೆಯುವ ತೂತು ಕಮ್ಮಿ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅದರಲ್ಲೂ ಸಿಗುವುದು ಮುಖ್ಯವಾಗಿ ರೆಕಾರ್ಡ್, ಜೂಮ್, ಫೋಕಸ್.

ವೈಟ್ ಬ್ಯಾಲೆನ್ಸ್‌ಗೆ ಇಷ್ಟು ಒತ್ತು ಯಾಕೆ ಅಂದರೆ, ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. 5 ಮೀಟರ್ ದಾಟುತ್ತಿದ್ದಂತೆ ಕೆಂಪು ಮೀನು ಕಂದಾಗಿ ಕಾಣುತ್ತದೆ, 10 ದಾಟಿದರೆ ಎಲ್ಲವೂ ನೀಲಿ-ಬೂದು. ನಿಮ್ಮ ಕಣ್ಣು ಹೇಗೋ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಮಾಡಲ್ಲ. ಆಳ ಬದಲಾದಾಗಲೆಲ್ಲ ವೈಟ್ ಬ್ಯಾಲೆನ್ಸ್ ಮತ್ತೆ ಹೊಂದಿಸಬೇಕು. ಅದು ಆಗದಿದ್ದರೆ ಕೆಂಪು ಫಿಲ್ಟರ್ ಹಾಕಬಹುದು. ನೀಲಿ ನೀರಿಗೆ ಕೆಂಪು, ಹಸಿರು ನೀರಿಗೆ ಮಜೆಂಟಾ. ಫಿಲ್ಟರ್ ಬೆಳಕನ್ನೂ ತಿನ್ನುತ್ತದೆ ಅನ್ನೋದು ನೆನಪಿರಲಿ. ಅದು ಹೊರಗಡೆ, ಕೈಯಲ್ಲಿ ತೆಗೆದು ಹಾಕುವಂತೆ ಇರಬೇಕು. ಲೈಟ್ ಹಾಕಿದಾಗ ಫಿಲ್ಟರ್ ತೆಗೆಯಲೇಬೇಕು, ಇಲ್ಲದಿದ್ದರೆ ಮೀನೆಲ್ಲ ಕೆಂಪಗಾಗುತ್ತವೆ.

ಇನ್ನು ಮುಂದಿನ ಗಾಜು. ಎರಡು ಹೌಸಿಂಗ್‌ಗಳ ನಡುವೆ ನಿಮಗೆ ಮುಖ್ಯವಾದ ವ್ಯತ್ಯಾಸ ಇದೇ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದರೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದೆ. ಲೆನ್ಸ್ 90 ಡಿಗ್ರಿ ಅಗಲ ನೋಡುವಂಥದ್ದಾದರೆ ನೀರಿನಲ್ಲಿ ಅದಕ್ಕೆ ಕಾಣುವುದು 64 ಡಿಗ್ರಿ ಮಾತ್ರ. ಆಮೆ ಪೂರ್ತಿ ಹಿಡಿಸಬೇಕು ಅಂದರೆ ನೀವು ಹಿಂದೆ ಸರಿಯಬೇಕು. ಸರಿದಷ್ಟೂ ನಡುವೆ ನೀರು ಜಾಸ್ತಿ, ಚಿತ್ರ ಮಸುಕು. ಸಣ್ಣ ಸಿಗಡಿ, ಏಡಿ ಹತ್ತಿರದಿಂದ ತೆಗೆಯುವವರಿಗೆ ಮಾತ್ರ ಇದೇ ದೊಡ್ಡ ಲಾಭ.

ಡೋಮ್ ಈ ಅಗಲವನ್ನು ವಾಪಸ್ ಕೊಡುತ್ತದೆ. ಅದಕ್ಕೂ ಒಂದು ಕೊಕ್ಕೆ ಇದೆ. ಡೋಮ್ ತಾನೇ ಒಂದು ಲೆನ್ಸ್‌ನಂತೆ ಕೆಲಸ ಮಾಡಿ, ಎಷ್ಟೋ ದೂರದ ದೃಶ್ಯವನ್ನೂ ಗಾಜಿನ ಮುಂದೆಯೇ ತಂದು ನಿಲ್ಲಿಸುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ಡೋಮ್ ಆದರೆ ದೂರದ ಬಂಡೆಯ ಬಿಂಬ ಇರುವುದು ಸುಮಾರು 30 ಸೆಂಟಿಮೀಟರ್ ಮುಂದೆ. ಕ್ಯಾಮೆರಾ ಫೋಕಸ್ ಮಾಡಬೇಕಾದ್ದು ಅಲ್ಲಿಗೇ. ಜೂಮ್ ಪೂರ್ತಿ ಹಿಂದಿದ್ದಾಗ ಕ್ಯಾಮ್‌ಕಾರ್ಡರ್‌ಗೆ ಇದು ಸಾಧ್ಯ. ಜೂಮ್ ಮುಂದೆ ಹೋದರೆ ಅಷ್ಟು ಹತ್ತಿರ ಅದು ಫೋಕಸ್ ಮಾಡುವುದಿಲ್ಲ. ಡೋಮ್ ಹಾಕಿ ಜೂಮ್ ಮಾಡಿದಾಗ ಎಲ್ಲಾ ಮಂಜು ಮಂಜು ಆಗುವುದು ಇದಕ್ಕೇ, ಹೌಸಿಂಗ್ ಕೆಟ್ಟಿದೆ ಅಂತಲ್ಲ.

ಹಾಗಾದರೆ ಯಾವುದು? ಆ ಪಾಲಿಕಾರ್ಬೊನೇಟ್ ಹೌಸಿಂಗ್ ಮುಂದೆ ವೆಟ್ ಲೆನ್ಸ್ ಸಿಕ್ಕಿಸಲು ತಿರುಪಿನ ಮರೆ (ಥ್ರೆಡ್) ಇದೆಯಾ ನೋಡಿ. ವೆಟ್ ಲೆನ್ಸ್ ಅಂದರೆ ನೀರಿನೊಳಗೇ ಹಾಕಿ ತೆಗೆಯಬಹುದಾದ ಅಗಲ ನೋಟದ ಲೆನ್ಸ್. ಮರೆ ಇದ್ದರೆ ಅದನ್ನೇ ತೊಗೊಳ್ಳಿ, ಉಳಿದ ದುಡ್ಡಲ್ಲಿ ವೆಟ್ ಲೆನ್ಸ್ ಮತ್ತು ಎರಡು ವಿಡಿಯೊ ಲೈಟ್ ಕೊಳ್ಳಿ. ಅಲ್ಯೂಮಿನಿಯಂ ಹೌಸಿಂಗ್ ಕೊಂಡು ಲೈಟ್ ಇಲ್ಲದೆ ಇಳಿಯುವುದಕ್ಕಿಂತ ಇದು ವಾಸಿ. ಇನ್ನು ನಿಮ್ಮ ಕ್ಯಾಮೆರಾ ಗುಂಡಿ ಪರೀಕ್ಷೆಯಲ್ಲಿ ಪೂರ್ತಿ ಸೋತರೆ ಎರಡೂ ಬೇಡ. ಈ ಹೌಸಿಂಗ್‌ಗಳು ಹೆಚ್ಚಾಗಿ ಒಂದೇ ಮಾಡೆಲ್‌ಗೆ ಅಚ್ಚು ಹಾಕಿದವು, ಕ್ಯಾಮೆರಾ ಬದಲಿಸಿದ ದಿನ ಮೂಲೆ ಸೇರುತ್ತವೆ. ಆಗ ಒಂದು ಆಕ್ಷನ್ ಕ್ಯಾಮೆರಾ ನೋಡಿ. ಗೋಪ್ರೊದ ಹೀರೊ 12ರಂಥ ಮಾಡೆಲ್‌ಗಳು ಹಾಗೇ 10 ಮೀಟರ್, ತಮ್ಮದೇ ಹೌಸಿಂಗ್ ಹಾಕಿದರೆ 60 ಮೀಟರ್ ತಡೆಯುತ್ತವೆ.

ಯಾವುದನ್ನೇ ಕೊಂಡರೂ ಓ-ರಿಂಗ್, ಅಂದರೆ ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ, ನಿಮ್ಮದೇ ಜವಾಬ್ದಾರಿ. ಡಬ್ಬಿ ಒಡೆದು ನೀರು ನುಗ್ಗುವುದು ಅಪರೂಪ. ರಿಂಗ್ ಮೇಲೆ ಕೂತ ಒಂದು ಕೂದಲು, ಒಂದು ಮರಳಿನ ಕಾಳು ಸಾಕು. ಅದೂ ಮೇಲುನೀರಿನಲ್ಲೇ ಸೋರುವುದು ಜಾಸ್ತಿ. ಆಳಕ್ಕೆ ಹೋದಷ್ಟೂ ನೀರೇ ಮುಚ್ಚಳವನ್ನು ರಿಂಗ್ ಮೇಲೆ ಅದುಮಿ ಹಿಡಿಯುತ್ತದಲ್ಲ! ರಿಂಗ್ ತೆಗೆಯಲು ಪಿನ್ನು, ಚಾಕು ಬೇಡ. ಬೆರಳಿನಿಂದ ಒಂದು ಕಡೆ ತಳ್ಳಿ, ಎದ್ದ ಕುಣಿಕೆ ಹಿಡಿದು ಎತ್ತಿ. ಎರಡು ಬೆರಳ ನಡುವೆ ನಿಧಾನಕ್ಕೆ ಎಳೆಯಿರಿ. ಕಣ್ಣಿಗೆ ಕಾಣದ ಮರಳು ಬೆರಳಿಗೆ ಚುರ್ ಅನ್ನುತ್ತದೆ. ಕಂಪನಿ ಕೊಟ್ಟ ಗ್ರೀಸನ್ನೇ, ರಿಂಗ್ ಮಿಂಚುವಷ್ಟು ಮಾತ್ರ ಹಚ್ಚಿ. ಗ್ರೀಸ್ ನೀರು ತಡೆಯುವುದಿಲ್ಲ, ರಿಂಗ್ ಜಾರಿ ಕೂರಲು ಇರುವುದು. ಮೆತ್ತಿದರೆ ಕಸ ಅಂಟುತ್ತದೆ, ಅಷ್ಟೇ. ಮೊದಲ ಸಲ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಇಳಿಸಿ ನೋಡಿ. ಎಲ್ಲಾ ಗುಂಡಿಗಳನ್ನೂ ನೀರೊಳಗೇ ಒತ್ತಿ ನೋಡಿ. ಸ್ಪ್ರಿಂಗ್ ಸಡಿಲ ಇದ್ದರೆ ಆಳದಲ್ಲಿ ಗುಂಡಿ ಒಳಗೇ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಇಳಿದ ಸ್ವಲ್ಪ ಹೊತ್ತಿಗೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ನೀರು ಸೋರುತ್ತಿದೆಯಾ?

ಉತ್ತರ: ಬಹುಶಃ ಇಲ್ಲ. ಕ್ಯಾಮೆರಾ ಬಿಸಿಯಾಗಿ ಒಳಗಿನ ಗಾಳಿ ಕಾಯುತ್ತದೆ, ಗಾಜು ನೀರಿಗೆ ತಣ್ಣಗಿರುತ್ತದೆ. ಗಾಳಿಯಲ್ಲಿದ್ದ ತೇವ ಅಲ್ಲೇ ಹನಿಗಟ್ಟುತ್ತದೆ. ದೋಣಿಯ ಮೇಲೆ, ಒದ್ದೆ ಗಾಳಿಯಲ್ಲಿ ಮುಚ್ಚಳ ಹಾಕಬೇಡಿ. ಏಸಿ ಇರುವ ಒಣ ಕೋಣೆಯಲ್ಲಿ ಹಾಕಿ, ಒಳಗೆ ಸಿಲಿಕಾ ಜೆಲ್ ಇಡಿ. ನೀರಿಗಿಳಿಯುವವರೆಗೂ ಬಿಸಿಲಿಗೆ ಬಿಡಬೇಡಿ, ಒದ್ದೆ ಬಟ್ಟೆ ಮುಚ್ಚಿ. ಹನಿ ತಳದಲ್ಲಿ ನಿಂತು ಅತ್ತಿತ್ತ ಹರಿದಾಡಿದರೆ ಮಾತ್ರ ಸೋರಿಕೆ. ಆಗ ಗಾಜು ಕೆಳಗೆ ಮಾಡಿ ಹಿಡಿದು, ಮೇಲೆ ಬರುವ ವೇಗದ ಮಿತಿ ಮೀರದೆ ಹೊರಡಿ. ಕ್ಯಾಮೆರಾ ಉಳಿಸುವ ಆತುರದಲ್ಲಿ ಸರ್ ಅಂತ ಮೇಲೆ ಬರಬೇಡಿ.

ಪ್ರಶ್ನೆ: ಈಜುಕೊಳದಲ್ಲಿ ಸರಿಯಾಗಿ ನಿಲ್ಲುವ ಹೌಸಿಂಗ್ ಸಮುದ್ರದಲ್ಲಿ ಯಾಕೆ ತೇಲುತ್ತೆ?

ಉತ್ತರ: ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. 8 ಲೀಟರ್ ಜಾಗ ಹಿಡಿಯುವ ಹೌಸಿಂಗ್ ಆದರೆ ಸಮುದ್ರ ಅದನ್ನು 200 ಗ್ರಾಂನಷ್ಟು ಜಾಸ್ತಿ ಮೇಲೆತ್ತುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ತೂಕದ ಸೀಸದ ಬಿಲ್ಲೆ ತಳಕ್ಕೆ ಕಟ್ಟಿ. ಕೈಬಿಟ್ಟರೆ ನಿಧಾನಕ್ಕೆ ಕೆಳಗಿಳಿಯಬೇಕು, ಮೂಗು ಎತ್ತ ಕಡೆಯೂ ವಾಲಬಾರದು. ಮುಂದೆ ಡೋಮ್ ಇದ್ದರೆ ಮೂಗು ಮೇಲೇಳುತ್ತದೆ, ಆಗ ಬಿಲ್ಲೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿ.